ಕವುಚಿ ಮಲಗದವಳು

ಅಂಬಲಪಾಡಿಯ ವಸಂತಿಗೆ ಮಗಳು ಭಾವನಾಳನ್ನು ಎತ್ತಿ ಎತ್ತಿ ಸೊಂಟ ಬಿದ್ದುಹೋಗಿತ್ತು. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾದ ಹುಡುಗಿ. ಇಪ್ಪತ್ತು ದಾಟಿದರೂ ನಡೆಯಲಾರಳು, ಮಾತಿಲ್ಲ. ಅಮ್ಮನ ಕೈಯಿಂದಲ್ಲದೆ ಬೇರೆ ಯಾರ ಕೈಯಿಂದಲೂ ತುತ್ತು ತಿನ್ನುತ್ತಿರಲಿಲ್ಲ.

ಗಂಡ ಅನಂತೇಶ ಭಟ್ಟರು ಪೌರೋಹಿತ್ಯದವರು. ಬೆಳಗ್ಗೆ ಮಿಂದು ಮಡಿಯುಟ್ಟರೆ ಮಗಳ ಹತ್ತಿರ ಸುಳಿಯುತ್ತಿರಲಿಲ್ಲ. ಕಾಪುವಿನಲ್ಲೊಂದು ಗಣಹೋಮ, ಕಾರ್ಕಳದಲ್ಲೊಂದು ಗೃಹಪ್ರವೇಶ ಎಂದು ಬೈಕ್ ಹತ್ತಿದರೆ ಬರುವುದು ಸಂಜೆಗೆ. ಕೆಟ್ಟವರಲ್ಲ. ಹೋದಲ್ಲಿಂದೆಲ್ಲ ಮಗಳಿಗೆ ಪ್ರಸಾದ ತರುತ್ತಿದ್ದರು. ವಸಂತಿಯ ಕೈಗೆ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದರು.

ಶನಿವಾರ ಶನಿವಾರ ಮಣಿಪಾಲದಲ್ಲಿ ಭಾವನಾಳಿಗೆ ಫಿಸಿಯೋಥೆರಪಿ. ಅದು ಮುಗಿಯುವಷ್ಟು ಹೊತ್ತು ಮಹಡಿಯ ಕೋಣೆಯಲ್ಲಿ, ರೋಗಿಗಳನ್ನು ನೋಡಿಕೊಳ್ಳುವ ಮನೆಯವರಿಗೆಂದೇ ಯೋಗ ತರಗತಿ ಶುರುವಾಯಿತು. ವೈದ್ಯರ ಒತ್ತಾಯಕ್ಕೆ ವಸಂತಿ ಹೋದಳು. ಕಲಿಸುವವಳು ಶರ್ವಾಣಿ ಎಂಬ ಹುಡುಗಿ. "ಕಣ್ಣು ಮುಚ್ಚಿ, ಯಾರ ಬಗ್ಗೆಯೂ ಯೋಚಿಸಬೇಡಿ" ಎಂದಾಗ ವಸಂತಿಗೆ ನಗು ಬಂದಿತ್ತು. ಅದೇ ದಿನ ಶವಾಸನದಲ್ಲಿ ನಿದ್ದೆಹೋದಳು. ಆಮೇಲಾಮೇಲೆ ಶುಕ್ರವಾರದಿಂದಲೇ ಆ ಚಾಪೆ ನೆನಪಾಗತೊಡಗಿತು.

ಒಮ್ಮೆ ಶರ್ವಾಣಿ ಮಕರಾಸನ ಹೇಳಿಕೊಟ್ಟಳು. ಎಲ್ಲರೂ ಕವುಚಿ ಮಲಗಿದರು. ವಸಂತಿ ಮಗ್ಗುಲಿಗೆ ಹೊರಳಿದಳು. ಮರುವಾರವೂ ಹಾಗೆಯೇ. ತರಗತಿ ಮುಗಿದ ಮೇಲೆ ಶರ್ವಾಣಿ ಪಕ್ಕದಲ್ಲಿ ಬಂದು ಕೂತಳು.

"ಅಕ್ಕ, ಕವುಚಿ ಮಲಗಿದರೆ ಎಲ್ಲಿ ನೋವು?"

"ನೋವೆಂತ ಇಲ್ಲ. ಎದೆಯಲ್ಲಿ ಒಂದು ಗಂಟು ಉಂಟು. ಒತ್ತಿದರೆ ಮಾತ್ರ."

"ಯಾವಾಗಿನಿಂದ?"

ವಸಂತಿ ಸೆರಗು ಸರಿಪಡಿಸಿಕೊಂಡಳು. "ಹೋದ ಕೃಷ್ಣಾಷ್ಟಮಿಯ ಸಮಯದಲ್ಲಿ ಗೊತ್ತಾದದ್ದು."

"ವಾರ ವಾರ ಆಸ್ಪತ್ರೆಗೇ ಬರುತ್ತೀರಿ, ಅಲ್ವಾ? ತೋರಿಸಲಿಲ್ವಾ?"

"ತೋರಿಸಿದರೆ ಮಲಗಿಸುತ್ತಾರೆ. ನಾನು ಮಲಗಿದರೆ ಅವಳಿಗೆ ಊಟ ಕೊಡುವುದು ಯಾರು ಮಾರಾಯ್ತಿ?"

ಶರ್ವಾಣಿ ಬಿಡಲಿಲ್ಲ. ಕೈಹಿಡಿದುಕೊಂಡೇ ವೈದ್ಯೆಯ ಬಳಿಗೆ ಕರೆದೊಯ್ದಳು. ಪರೀಕ್ಷೆಗಳಾದವು. ಗಂಟು ಕ್ಯಾನ್ಸರಿನದು, ಬೆನ್ನೆಲುಬಿಗೂ ಇಳಿದಿತ್ತು. ಮಗಳನ್ನು ಎತ್ತಿ ಬಂದ ಸೊಂಟನೋವೆಂದು ಇಷ್ಟು ದಿನ ಎಣ್ಣೆ ತಿಕ್ಕಿಕೊಂಡದ್ದೆಲ್ಲ ಅದಕ್ಕೇ. "ಸ್ವಲ್ಪ ಮೊದಲು ಬಂದಿದ್ದರೆ..." ಎಂದು ವೈದ್ಯೆ ಮಾತು ನುಂಗಿದರು. "ಇನ್ನು ಭಾರ ಎತ್ತಲೇಬಾರದು. ಮೂಳೆ ಮುರಿದೀತು."

ವಸಂತಿಗೆ ಭಯಕ್ಕಿಂತ ಮೊದಲು ಬಂದದ್ದು ಸಿಟ್ಟು, ಅದೂ ಶರ್ವಾಣಿಯ ಮೇಲೆ. ತಿಳಿಯದೆ ಇದ್ದಿದ್ದರೆ ಇನ್ನೊಂದಷ್ಟು ಕಾಲ ಎತ್ತಬಹುದಿತ್ತು.

ಸಂಜೆ ಗಂಡನಿಗೆ ಹೇಳಿದಳು. ಭಟ್ಟರು ಶಾಲು ಕೂಡ ತೆಗೆಯದೆ ನಿಂತೇ ಇದ್ದರು.

"ಅವಳ ಸ್ನಾನಕ್ಕೆ ಒಂದು ಹೆಂಗಸನ್ನು ಹುಡುಕುವ," ಎಂದಳು ವಸಂತಿ. "ಎತ್ತುವುದು, ಊಟ ಕೊಡುವುದು ನೀವೇ."

"ನನಗೆ ಹೇಗೆಂತ ಗೊತ್ತಿಲ್ಲ ವಸಂತಿ."

"ನನಗೂ ಗೊತ್ತಿರಲಿಲ್ಲ."

ಮೊದಲ ಕೀಮೋ ಮುಗಿಸಿ ಬಂದು ಅವಳು ಒಳಕೋಣೆಯಲ್ಲಿ ಮಲಗಿದ್ದಳು. ಹೊರಗೆ ಭಟ್ಟರು ಗಂಜಿ ಹಿಸುಕುತ್ತಿದ್ದರು. ಭಾವನಾ ಉಗುಳಿದಳು, ಬಟ್ಟಲಿಗೆ ಕೈ ಬೀಸಿದಳು, ಆಮೇಲೆ ಕಿರುಚತೊಡಗಿದಳು. ವಸಂತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಡೆಯಲಾಗದೆ ಗೋಡೆ ಹಿಡಿದು ಬಾಗಿಲವರೆಗೆ ನಡೆದಳು. ಭಟ್ಟರ ಮುಖ, ಎದೆ, ಜನಿವಾರದ ಮೇಲೆಲ್ಲ ಗಂಜಿ.

"ನೀನು ಬರಬೇಡ," ಎಂದರು ಭಟ್ಟರು. "ನಿನ್ನನ್ನು ಕಂಡರೆ ನನ್ನ ಕೈಯಿಂದ ತಿನ್ನುವುದೇ ಇಲ್ಲ."

ಮಾತು ನಿಜವಾಗಿತ್ತು. ವಸಂತಿ ಹಿಂದೆ ಸರಿದು ಬಾಗಿಲು ಮುಚ್ಚಿಕೊಂಡಳು. ಮಗಳು ಅತ್ತು ಅತ್ತು ಹಸಿದೇ ನಿದ್ದೆಹೋದಳು. ಮರುದಿನವೂ ಅದೇ ಆಯಿತು. ಬಾಗಿಲಾಚೆಯ ಆ ಕೂಗು ವಸಂತಿಗೆ ಮದ್ದಿನ ಸಂಕಟಕ್ಕಿಂತ ಹೆಚ್ಚಾಗಿತ್ತು.

ಅದರಾಚೆಯ ದಿನ ಮಧ್ಯಾಹ್ನ ಕೂಗು ಬೇಗ ನಿಂತಿತು. ಬಟ್ಟಲಿಗೆ ಚಮಚ ತಾಗುವ ಸದ್ದು ಮಾತ್ರ ಕೇಳುತ್ತಿತ್ತು. ವಸಂತಿ ಗೋಡೆಯ ಕಡೆ ಹೊರಳಿ ಬಿಕ್ಕಿದಳು. ನಾನಿಲ್ಲದೆ ಇವಳು ಬದುಕಲಾರಳು ಎಂಬ ಒಂದೇ ಹಟದಲ್ಲಿ ಇಷ್ಟು ವರ್ಷ ಎದ್ದು ನಡೆದಿದ್ದಳು.

ಭಟ್ಟರು ಬಂದು ಬಾಗಿಲಲ್ಲಿ ನಿಂತರು. "ತಿಂದಳು."

"ಗೊತ್ತಾಯ್ತು," ಎಂದಳು ತಿರುಗದೆ. "ನೀರು ಕುಡಿಸುವಾಗ ತಲೆ ಎತ್ತಿ ಹಿಡಿಯಿರಿ. ಇಲ್ಲದಿದ್ದರೆ ನೆತ್ತಿಗೆ ಹತ್ತುತ್ತದೆ."