ಚನಿಯನ ಸ್ಟಾಪು

"ಆ ಫೋಟೋವನ್ನು ಎಷ್ಟು ಹೊತ್ತು ಉಜ್ಜುದು ಮಾರಾಯ್ತಿ? ಅದ್ರಲ್ಲಿ ನಿನ್ನ ಗಂಡ ಇದ್ದಾನಾ?"

ಪ್ರೇಮಾವತಿ ಬಟ್ಟೆ ಹಿಂದಕ್ಕೆ ತೆಗೆದಳು.

"ಮತ್ತೆ ಆ ಕೆಂಪು ಹಿಡಿಗೆ ಕೈ ಹಾಕ್ಬೇಡ ಅಂತ ಎಷ್ಟು ಸಲ ಬೊಗಳುದು ನಾನು? ಅದನ್ನು ಎಳೆದ್ರೆ ಟ್ರಾಮ್ ನಿಲ್ತದೆ. ಟ್ರಾಮ್ ನಿಂತ್ರೆ ನಿನ್ನ ಕೆಲಸ ಖಲಾಸ್. ಮಂಡೆಗೆ ಹೋಯ್ತಾ? ಯಲ್ಲಾ, ಬೇಗ, ನೆಲ ನೋಡು ನೆಲ. ಮುಖ ಕಾಣ್ಬೇಕು ಅದ್ರಲ್ಲಿ."

"ಆಯ್ತು ಸರ್."

ನೆಲದಲ್ಲಿ ಮುಖ ಆಗಲೇ ಕಾಣುತ್ತಿತ್ತು, ಕೃತಿಕನದು. ಕ್ಲೀನಿಂಗ್ ಸೂಪರ್‌ವೈಸರ್ ಕೃತಿಕ್ ಸುರತ್ಕಲ್ ಕಡೆಯವನು. ಅವಳು ಕೆಲಸಕ್ಕೆ ಸೇರಿದ ದಿನ ತುಳುವಿನಲ್ಲೇ ಬಾಯಿತುಂಬ ಮಾತಾಡಿಸಿದ್ದ. ಊರು ಯಾವುದು, ಮನೆ ಎಲ್ಲಿ, ಯಾರ ಪೈಕಿ ಎಂದೆಲ್ಲ ಕೇಳಿ, ಉತ್ತರ ಸಿಕ್ಕ ಕೂಡಲೇ ಕನ್ನಡಕ್ಕೆ ಹಾರಿದವನು ಮತ್ತೆ ತುಳುವಿಗೆ ಮರಳಲಿಲ್ಲ. ತನ್ನ ಚಹಾದ ಕಪ್ಪನ್ನೂ ಕೆಳಗಿನ ಕಪಾಟಿನಿಂದ ಮೇಲಿನ ಕಪಾಟಿಗೆ ಹತ್ತಿಸಿದ. ಸಮುದ್ರ ದಾಟಿದರೆ ಜಾತಿ ಹೋಗುತ್ತದೆ ಎಂದು ಹಿಂದಿನವರು ಹೆದರುತ್ತಿದ್ದರಂತೆ. ಪಾಪ, ಸುಮ್ಮನೆ ಹೆದರಿದರು.

ಈ ಟ್ರಾಮ್ ಓಡುವುದು ದೋಹಾದ ಅಂಚಿನಲ್ಲಿ, ಸಮುದ್ರಕ್ಕೆ ಮಣ್ಣು ತುಂಬಿಸಿ ಎಬ್ಬಿಸಿದ ಹೊಸ ಬಡಾವಣೆಯಲ್ಲಿ. ಮುತ್ತಿನ ಚೌಕದಿಂದ ಹೊರಟು, ಅಂಗಡಿಬೀದಿ ಸುತ್ತಿ, ಉದ್ಯಾನವನ್ನು ಬಳಸಿ, ಸಮುದ್ರದಂಚಿನ ತಿರುವು ಹಾದು ಮತ್ತೆ ಮುತ್ತಿನ ಚೌಕಕ್ಕೇ ಬಂದು ನಿಲ್ಲುತ್ತದೆ. ಎಲ್ಲಿಗೂ ಹೋಗಬೇಕಾಗಿಲ್ಲದವರಿಗೆಂದೇ ಹಾಕಿದ ದಾರಿ. ಟಿಕೇಟೂ ಇಲ್ಲ. ಒಳಗಿನ ಗೋಡೆಗೆ ಈ ಮಾರ್ಗದ ಚರಿತ್ರೆಯನ್ನು ಚಿತ್ರಗಳಲ್ಲಿ ಅಂಟಿಸಿದ್ದಾರೆ. ಮೊದಲು ಒಂದು ಹಾಯಿದೋಣಿ, ಆಮೇಲೆ ಒಂದು ಒಂಟೆ, ಆಮೇಲೆ ನಕಾಶೆ ಹಿಡಿದ ಒಬ್ಬ ಇಂಜಿನಿಯರ್, ಕೊನೆಗೆ ಟ್ರಾಮ್. ಇಂಜಿನಿಯರಿಗೂ ಟ್ರಾಮಿಗೂ ನಡುವೆ ಉಳಿದ ಜಾಗದಲ್ಲಿ ಆ ಫೋಟೋ: ಹಳದಿ ಹೆಲ್ಮೆಟ್ಟಿನ ಗಂಡಸರ ಸಾಲು, ಎಲ್ಲರ ಕೈಯಲ್ಲೂ ನೀರಿನ ಬಾಟ್ಲಿ, ಎಲ್ಲರ ಮುಖದಲ್ಲೂ ನಗು. ಸಾಲಿನ ಕೊನೆಯಲ್ಲಿ ನಿಂತವನು ಚನಿಯ. ಪಾಸ್‌ಪೋರ್ಟಿನಲ್ಲಿ ಚಂದ್ರಹಾಸ. ಪ್ರೇಮಾವತಿಯ ಒಡಹುಟ್ಟಿದ ತಮ್ಮ.

ಅವನು ಈ ಹಳಿ ಹಾಕುವಾಗ ಬಿಸಿಲಿಗೆ ಬಿದ್ದು ಸತ್ತ. ಕಾಗದದಲ್ಲಿ ಸಹಜ ಸಾವು ಎಂದು ಬಂತು. ಪೆಟ್ಟಿಗೆ ತೆರೆಯಬಾರದು ಎಂದು ಮೊಹರು ಒತ್ತಿ ಊರಿಗೆ ಕಳಿಸಿದರು. ಹೋಗುವವನ ಬಾಯಿಗೆ ರಕ್ತಸಂಬಂಧಿಗಳ ಕೈಯಿಂದ ನೀರು ಬೀಳಬೇಕು. ಅದು ಆಗದಿದ್ದರೆ ಸತ್ತ ಮೇಲಾದರೂ ತುಟಿ ಒದ್ದೆಯಾಗಬೇಕು. ಅಮ್ಮ ಪೆಟ್ಟಿಗೆಯ ಹಲಗೆಯ ಮೇಲೇ ನೀರು ಬಿಟ್ಟಳು. ಅದು ಜಾರಿ ಅಂಗಳಕ್ಕೆ ಹರಿಯಿತು, ಕೋಳಿಗಳು ಕುಡಿದವು. ಅಂದಿನಿಂದ ಅಮ್ಮನ ಬಾಯಲ್ಲಿ ಒಂದೇ ಮಾತು: ಮಗನಿಗೆ ನೀರು ಹೋಗಲಿಲ್ಲ.

ಪ್ರೇಮಾವತಿ ಏಜೆಂಟನ ಕಾಲು ಹಿಡಿದು ಇದೇ ಟ್ರಾಮಿನ ಕೆಲಸಕ್ಕೆ ಬಂದದ್ದು ಅದಕ್ಕೆ. ಫೋಟೋ ಕಂಡ ದಿನ ಅವಳೇ ಫೋನ್ ಮಾಡಿದ್ದಳು. "ಅಮ್ಮಾ, ಅವನ ಕೈಯಲ್ಲಿ ಬಾಟ್ಲಿ ಉಂಟು. ತುಂಬಿದ್ದು. ಕುಡಿದೇ ಹೋಗಿದ್ದಾನೆ ಅವ."

"ಹೌದಾ ಮಗಾ? ನಗ್ತಾ ಇದ್ದಾನಾ?" ಅಮ್ಮ ಅತ್ತು ಮುಗಿಸಿ ಹೇಳಿದ್ದಳು, "ಆದ್ರೂ ನಿನ್ನ ಕೈಯಿಂದ ಆ ಜಾಗಕ್ಕೆ ಎರಡು ಹನಿ ಬೀಳ್ಲಿ."

ಆ ಜಾಗ ಯಾವುದು? ಹಳಿಯ ಎರಡು ಬದಿಗೂ ಗಾಜಿನ ಬೇಲಿ. ಟ್ರಾಮಿನಲ್ಲಿ ಕೂತೇ ನೋಡಬೇಕು, ಟ್ರಾಮ್ ತೊಳೆಯುವವರು ಟ್ರಾಮಿನಲ್ಲಿ ಕೂರುವಂತಿಲ್ಲ. ಚನಿಯ ಬಿದ್ದದ್ದನ್ನು ಕಣ್ಣಾರೆ ಕಂಡವರಲ್ಲಿ ಈ ದೇಶದಲ್ಲಿ ಉಳಿದವನು ಅಣ್ಣು ಒಬ್ಬನೇ. ಆ ಗ್ಯಾಂಗಿಗೆ ನೀರಿನ ಪಿಕಪ್ ಓಡಿಸುತ್ತಿದ್ದ ಉಳ್ಳಾಲದ ನೌಶಾದ್ ಅವನನ್ನು ಹೇಗೋ ಹುಡುಕಿ ಕೊಟ್ಟಿದ್ದ. ಅಣ್ಣುವಿನ ವೀಸಾ ರದ್ದಾಗಿತ್ತು, ಶನಿವಾರ ವಿಮಾನ. ಉಳಿದದ್ದು ಒಂದು ಶುಕ್ರವಾರ. ಶುಕ್ರವಾರ ಟ್ರಾಮಿನಲ್ಲಿ ಫ್ಯಾಮಿಲಿಗಳಿಗೆ ಮಾತ್ರ ಪ್ರವೇಶ.

"ಫ್ಯಾಮಿಲಿ ಅಂದ್ರೆ ಎಂತ ದೊಡ್ಡ ಸಂಗತಿ?" ಎಂದಳು ಅಗಾತಾ. ಅಲ್ ಮುಂತಜಾದ ಹಳೆಯ ಕಟ್ಟಡದಲ್ಲಿ ಪ್ರೇಮಾವತಿಯ ಮೇಲಿನ ಮಂಚ ಅವಳದು. "ಒಂದು ಹ್ಯಾಂಡ್‌ಬ್ಯಾಗು, ಸ್ವಲ್ಪ ಸೆಂಟು, ಮುಖದಲ್ಲಿ ಸ್ವಲ್ಪ ಅಸಡ್ಡೆ. ಆಯ್ತು, ಫ್ಯಾಮಿಲಿ." ಅಬು ಹಮೂರ್‌ನ ಇಗರ್ಜಿಯ ಪ್ರಾರ್ಥನೆಗೆ ತೊಡುವ ತನ್ನ ಹಸಿರು ಚೂಡಿದಾರವನ್ನು ಕೊಟ್ಟಳು. ಬ್ಯಾಗು ಕೊಟ್ಟಳು. ನೀರು ಒಯ್ಯುವುದು ಹೇಗೆ ಎಂಬುದಕ್ಕೂ ಅವಳಲ್ಲಿ ಉಪಾಯವಿತ್ತು: ತೀರ್ಥ ತುಂಬಿಸುವ, ಮಾತೆ ಮೇರಿಯ ಆಕಾರದ ಪ್ಲಾಸ್ಟಿಕ್ ಬಾಟ್ಲಿ. ನೀಲಿ ಕಿರೀಟವೇ ಅದರ ಮುಚ್ಚಳ. "ಇದನ್ನು ಯಾರೂ ಮೂಸಿ ನೋಡುದಿಲ್ಲ. ನಿನ್ನ ನೀರು ಹಾಕು. ಅವಳಿಗೂ ಮಗ ಸತ್ತವ, ಬೇಜಾರು ಮಾಡ್ಲಿಕ್ಕಿಲ್ಲ."

ಬರುವಾಗ ಅಮ್ಮ ಸೀಸೆಯಲ್ಲಿ ತುಂಬಿ ಬಟ್ಟೆಯ ನಡುವೆ ಸುತ್ತಿ ಕಳಿಸಿದ್ದ ಬಾವಿಯ ನೀರನ್ನು ಪ್ರೇಮಾವತಿ ಮಾತೆಯೊಳಗೆ ಸುರಿದಳು.

"ಬ್ಯಾಚುಲರ್ ಮಾಫಿ! ಬ್ಯಾಚುಲರಿಗೆ ಇಲ್ಲ! ನಾಳೆ ಬನ್ನಿ, ನಾಳೆ!"

ಶುಕ್ರವಾರ ಮುತ್ತಿನ ಚೌಕದ ಗೇಟಿನಲ್ಲಿ ಗಾರ್ಡ್ ಗಂಡಸರ ಗುಂಪೊಂದನ್ನು ಕೋಳಿ ಓಡಿಸಿದಂತೆ ಓಡಿಸುತ್ತಿದ್ದ. ನಾಳೆ ಅವರಿಗೆ ಕೆಲಸವಿದೆ ಎಂಬುದು ಅವರಿಗೂ ಗೊತ್ತು, ಗಾರ್ಡಿಗೂ ಗೊತ್ತು. ಊರಿನಲ್ಲಿ ಬ್ಯಾಚುಲರ್ ಎಂದರೆ ಮದುವೆಯಾಗದವನು. ಇಲ್ಲಿ ಅಣ್ಣುವೂ ಬ್ಯಾಚುಲರ್, ಮೊಮ್ಮಕ್ಕಳ ತೊಟ್ಟಿಲು ಕಟ್ಟಿದ ಅಜ್ಜ. ಹೆಂಡತಿಯನ್ನು ಕರೆಸಿಕೊಳ್ಳಲು ಬಿಡದವರೇ ಹೆಂಡತಿ ಎಲ್ಲಿ ಎಂದು ಕೇಳುವ ಊರು ಇದು.

"ಇವರು ಯಾರು ನಿಮಗೆ?" ಗಾರ್ಡ್ ಅಣ್ಣುವನ್ನು ತೋರಿಸಿ ಹಿಂದಿಯಲ್ಲಿ ಕೇಳಿದ.

"ಅಪ್ಪ," ಎಂದಳು ಪ್ರೇಮಾವತಿ.

"ಇವನು?"

"ತಮ್ಮ."

ಗಾರ್ಡ್ ಮೂವರ ಕಾರ್ಡು ನೋಡಿದ. "ಅಪ್ಪ ಅಣ್ಣು. ಮಗಳು ಪ್ರೇಮಾವತಿ. ಮಗ... ನೌಶಾದ್?"

ನೌಶಾದ್ ಕೆಮ್ಮಿದ. ಪ್ರೇಮಾವತಿ ಬ್ಯಾಗನ್ನು ಎದೆಗೊತ್ತಿಕೊಂಡಳು. ಅಣ್ಣು ಮಾತ್ರ ತಲೆ ಕೆರೆದುಕೊಂಡು ತನ್ನ ಹರಕು ಹಿಂದಿಯಲ್ಲಿ ಹೇಳಿದ, "ಎಂತ ಮಾಡುದು ಸಾಯ್ಬ್ರೇ, ಹೆಸರಿಡುವಾಗ ನಾನು ಊರಲ್ಲಿ ಇರ್ಲಿಲ್ಲ. ಗಲ್ಫಲ್ಲಿದ್ದೆ."

ಗಾರ್ಡಿಗೆ ನಗು ತಡೆಯಲಾಗಲಿಲ್ಲ. ಅವನೂ ತನ್ನ ಮಗುವಿನ ಹೆಸರನ್ನು ಇಲ್ಲಿಂದಲೇ ಫೋನಿನಲ್ಲಿ ಕೇಳಿದವನಿರಬೇಕು. ಬ್ಯಾಗಿನೊಳಗೆ ಇಣುಕಿದ. "ಇದೇನು?"

"ದೇವರು."

"ಅಪ್ಪ, ಮಗಳು, ಮಗ. ಎಲ್ಲ ದೇವರೂ ಒಂದೇ ಮನೆಯಲ್ಲಿ. ಒಳ್ಳೆ ಫ್ಯಾಮಿಲಿ. ಯಲ್ಲಾ ಯಲ್ಲಾ, ಹತ್ತಿ."

ಒಳಗೆ ಬಾಗಿಲ ಬಳಿಯೇ ಕೃತಿಕ್. ಶುಕ್ರವಾರ ಫ್ಯಾಮಿಲಿಗಳನ್ನು ಸ್ವಾಗತಿಸುವ ಕೆಲಸವೂ ಅವನದೇ, ಕೋಟು ಹಾಕಿದ್ದ. ಪ್ರೇಮಾವತಿ ಮುಖ ಮುಚ್ಚಿಕೊಳ್ಳಲು ಕೈ ಎತ್ತುವಷ್ಟರಲ್ಲಿ ಅವನು ಬಾಗಿಯೇ ಬಿಟ್ಟಿದ್ದ.

"ವೆಲ್‌ಕಮ್ ಮೇಡಂ. ದಿಸ್ ಸೈಡ್ ಪ್ಲೀಸ್."

ಅವನು ಇಷ್ಟು ದಿನ ನೋಡಿದ್ದು ಒಂದು ನೀಲಿ ಯೂನಿಫಾರ್ಮು, ಒಂದು ಬಗ್ಗಿದ ಬೆನ್ನು. ಮೊದಲ ದಿನದ ಮೇಲೆ ಮುಖ ನೋಡಿರಲೇ ಇಲ್ಲ. ಪ್ರೇಮಾವತಿ ತಾನೇ ಒರೆಸಿದ ಸೀಟಿನಲ್ಲಿ ಮೊದಲ ಸಲ ಕೂತಳು. ಎದುರು ಫೋಟೋ. ಫೋಟೋದ ಪಕ್ಕ ಕೆಂಪು ಹಿಡಿ.

ಟ್ರಾಮ್ ಹೊರಟಿತು. ಮೇಲಿನಿಂದ ಹೆಣ್ಣುದನಿಯೊಂದು ಇಂಗ್ಲಿಷಿನಲ್ಲಿ ಮಾರ್ಗದ ಚರಿತ್ರೆ ಶುರುಮಾಡಿತು: ಕನಸು, ಮುತ್ತು, ದೂರದೃಷ್ಟಿ. ಮುಂದಿನ ನಿಲ್ದಾಣ ಅಂಗಡಿಬೀದಿ ಎಂದಿತು.

ಅಣ್ಣು ಕೂರಲಿಲ್ಲ. ಗಲ್ಫಿಗೆ ಬರುವ ಮೊದಲು ಅವನು ಮೂಲ್ಕಿ-ಕಿನ್ನಿಗೋಳಿ ಲೈನಿನಲ್ಲಿ ಬಸ್ ಕಂಡಕ್ಟರ್. ಗಾಡಿ ಅಲ್ಲಾಡಿದ್ದೇ ಕಾಲು ತಾನಾಗಿ ಬಾಗಿಲಿಗೆ ಹೋಯಿತು, ಬಾಯಿ ತಾನಾಗಿ ತೆರೆಯಿತು.

"ಚಪ್ಪಲಿ! ಚಪ್ಪಲಿ ಇಳಿಯುವವರು ಬೇಗ ಬೇಗ!"

"ಎಂತ ಚಪ್ಪಲಿ ಮಾಮ?" ಪ್ರೇಮಾವತಿ ಗಾಬರಿಯಿಂದ ಪಿಸುಗುಟ್ಟಿದಳು.

"ಅಂಗಡಿಬೀದಿ ಅಂತೆ, ಅಂಗಡಿ! ನಾವು ಹಳಿ ಹಾಕುವಾಗ ಇದ್ರ ಹೆಸರು ಚಪ್ಪಲಿ. ಡಾಂಬರಿಗೆ ಅಟ್ಟೆ ಅಂಟಿ, ಕಾಲು ಎತ್ತಿದ್ರೆ ಚಪ್ಪಲಿ ಅಲ್ಲೇ. ಸೇಫ್ಟಿ ಶೂ ಕೇಳಿದ್ದಕ್ಕೆ ಆ ಫೋರ್‌ಮನ್ ಬೇವರ್ಸಿ ಹೇಳಿದ, ಊರಲ್ಲಿ ಬರಿಗಾಲಲ್ಲಿ ಗದ್ದೆಗೆ ಇಳಿತಿರ್ಲಿಲ್ವಾ ಅಂತ. ರೈಟ್ ಪೋಯಿ!" ಬಸ್ ಬಿಡಲು ಹೇಳುವ ಅವನ ಹಳೆಯ ಕೂಗು.

ಎದುರು ಸೀಟಿನ ಹೆಂಗಸೊಬ್ಬಳು ಮೊಬೈಲ್ ಎತ್ತಿದಳು. ಮಕ್ಕಳು ನಕ್ಕರು. ಕೃತಿಕ್ ಹುಬ್ಬು ಗಂಟಿಕ್ಕಿದವನು, ಫ್ಯಾಮಿಲಿಗಳು ಖುಷಿಪಡುವುದು ಕಂಡು ಸಡಿಲಿಸಿದ. ಆಫೀಸಿನವರು ಕರೆಸಿದ ಕಲಾವಿದನಿರಬೇಕು. ತನಗೆ ಯಾರೂ ಮೊದಲೇ ಏನನ್ನೂ ಹೇಳುವುದಿಲ್ಲ.

ಮೇಲಿನ ದನಿ ಉದ್ಯಾನ ಎಂದಿತು.

"ಹಳಸಿದ ಅನ್ನ! ಹಳಸಿದ ಅನ್ನದವರು ಮುಂದೆ ಬನ್ನಿ!" ಅಣ್ಣುವಿಗೆ ಈಗ ಹುಮ್ಮಸ್ಸು ಬಂದಿತ್ತು. "ಇಲ್ಲಿ ಎಲ್ರೂ ಸೇರಿ ಡಬ್ಬಿ ಕವುಚಿ ಹಾಕಿದ್ದು. ಆ ಹೂವಿನ ಗಿಡ ಉಂಟಲ್ಲ, ಅದಕ್ಕೆ ನಮ್ಮ ಅನ್ನದ್ದೇ ಗೊಬ್ಬರ."

"ವಾವ್, ಹೀ ಈಸ್ ಸೋ ಕ್ಯೂಟ್," ಎಂದಳು ಮೊಬೈಲಿನ ಹೆಂಗಸು. ಯಾವ ಭಾಷೆ ಎಂದು ಅವಳು ಕೇಳಲಿಲ್ಲ.

ಉದ್ಯಾನ ಹಿಂದೆ ಸರಿಯಿತು. ಸಮುದ್ರ ಕಾಣತೊಡಗಿತು. ಅಣ್ಣುವಿನ ದನಿ ಇಳಿಯಿತು. "ಫೋಟೋ," ಎಂದ, ಕೂಗದೆ.

ಪ್ರೇಮಾವತಿ ಗೋಡೆಯ ಕಡೆ ಕೈ ಮಾಡಿದಳು. "ಈ ಫೋಟೋವಾ ಮಾಮ? ಇಲ್ಲಿ ತೆಗೆದದ್ದಾ? ನೋಡಿ, ಕೊನೆಯಲ್ಲಿ ನಮ್ಮ ಚನಿಯ. ಬಾಟ್ಲಿ ತುಂಬಿದ್ದು. ಕುಡಿದಿದ್ದಾನಲ್ಲ ಅವ? ಅಮ್ಮನಿಗೆ ಹಾಗೇ ಹೇಳಿದ್ದೇನೆ."

ಅಣ್ಣು ನೌಶಾದನ ಮುಖ ನೋಡಿದ. ನೌಶಾದ್ ತನ್ನ ಚಪ್ಪಲಿ ನೋಡಿಕೊಂಡ.

"ಮುಚ್ಚಳ ತೆಗಿಬೇಡಿ ಅಂತ ಮೊದ್ಲೇ ಹೇಳಿದ್ರು ಮಗಾ," ಎಂದ ಅಣ್ಣು. "ನಗಿ ನಗಿ ಅಂದ್ರು, ನಕ್ಕೆವು. ಫೋಟೋ ಆದ ಕೂಡ್ಲೇ ಒಬ್ಬ ಬೋಳಿಮಗ ರಟ್ಟಿನ ಪೆಟ್ಟಿಗೆ ಹಿಡ್ಕೊಂಡು ಬಂದು ಎಲ್ಲ ಬಾಟ್ಲಿ ವಾಪಸ್ ತಗೊಂಡ. ಇನ್ನೊಂದು ಸೈಟಲ್ಲೂ ಫೋಟೋ ಇತ್ತಂತೆ."

"ಮತ್ತೆ ಕುಡಿಯುವ ನೀರು?"

"ನನ್ನ ಪಿಕಪ್‌ನಲ್ಲಿತ್ತು ಅಕ್ಕ," ನೌಶಾದ್ ತಲೆ ಎತ್ತಲಿಲ್ಲ. "ಕ್ಯಾನ್‌ಗಟ್ಲೆ ಇತ್ತು. ದೊಡ್ಡವರ ಕಾರು ಹೊರಡುವವರೆಗೆ ಗೇಟ್ ತೆಗಿಲಿಲ್ಲ. ಹಳೆ ಗಾಡಿ ಫೋಟೋದಲ್ಲಿ ಬಿದ್ರೆ ಚಂದ ಕಾಣುದಿಲ್ಲ ಅಂತ."

ಮಧ್ಯಾಹ್ನದ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಎಂಬ ಕಾನೂನಿನ ತಿಂಗಳುಗಳು ಆಗಷ್ಟೇ ಮುಗಿದಿದ್ದವು. ಮುಗಿದದ್ದು ಬಿಸಿಲಿಗೆ ಗೊತ್ತಿರಲಿಲ್ಲ.

ಪ್ರೇಮಾವತಿ ಫೋಟೋ ನೋಡಿದಳು. ದಿನಾ ಬೆಳಿಗ್ಗೆ ಬಟ್ಟೆಯಲ್ಲಿ ಒರೆಸಿದ ಮುಖ. ಆ ನಗು ಈಗ ನಗುವಿನಂತೆ ಕಾಣಲಿಲ್ಲ, ಒಣಗಿದ ತುಟಿ ಹಲ್ಲಿನಿಂದ ಹಿಂದೆ ಸರಿದದ್ದು. ಕಿಟಕಿಯ ಗಾಜಿಗೆ ಗುಟ್ಟಾಗಿ ಎರಡು ಹನಿ ಮುಟ್ಟಿಸಿ ಹೋಗುವುದು ಎಂದುಕೊಂಡು ಬಂದಿದ್ದಳು ಅವಳು. ಅಷ್ಟೇ ಸಾಕು ಎಂದುಕೊಂಡಿದ್ದಳು.

ಟ್ರಾಮ್ ಒಂದು ಬದಿಗೆ ಸ್ವಲ್ಪ ವಾಲಿ ತಿರುವಿಗೆ ಹೊರಳಿತು. ಅಲ್ಲಿ ನಿಲ್ದಾಣವಿಲ್ಲ. ಮೇಲಿನ ದನಿಗೂ ಅಲ್ಲಿ ಹೇಳುವುದೇನೂ ಇರಲಿಲ್ಲ. ಅಣ್ಣು ಬಾಗಿಲ ಗಾಜಿಗೆ ಅಂಗೈ ಬಡಿದು, ಕಿನ್ನಿಗೋಳಿ ಪೇಟೆ ಪೂರ್ತಿ ಕೇಳುವಂತೆ ಕೂಗಿದ.

"ಚನಿಯ! ಚನಿಯ ಸ್ಟಾಪ್! ಇಳಿಯುವವರು ಇದ್ದಾರಾ?"

ಟ್ರಾಮ್ ನಿಧಾನವಾಗಲಿಲ್ಲ. ಅದಕ್ಕೆ ಅವನ ಭಾಷೆ ಬರುತ್ತಿರಲಿಲ್ಲ.

"ಹೋಲ್ಡಾನ್!" ಎಂದ ಅಣ್ಣು, ಬಸ್ ನಿಲ್ಲಿಸುವ ದನಿಯಲ್ಲಿ.

ಪ್ರೇಮಾವತಿ ಎದ್ದು ಕೆಂಪು ಹಿಡಿ ಎಳೆದಳು.

ಗಾಡಿ ಕಿರುಚಿ ನಿಂತಿತು. ಹ್ಯಾಂಡ್‌ಬ್ಯಾಗುಗಳು ಉರುಳಿದವು, ಮಕ್ಕಳು ಹೋ ಎಂದರು, ಐಸ್‌ಕ್ರೀಮೊಂದು ಯಾರದೋ ಮಡಿಲಿಗೆ ಬಿತ್ತು. ಅವಳು ಮಾತೆಯ ನೀಲಿ ಕಿರೀಟ ತಿರುಗಿಸಿ ತೆಗೆದಳು. ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಮುಖ ಕಾಣುವಂತೆ ತಾನೇ ಉಜ್ಜಿದ ನೆಲಕ್ಕೆ, ಹನಿಹನಿಯಾಗಿ ಅಲ್ಲ, ಧಾರೆಯಾಗಿ ನೀರು ಬಿಟ್ಟಳು.

ಕೃತಿಕ್ ಓಡಿ ಬಂದ. ಆ ಬಗ್ಗಿದ ಬೆನ್ನು ಕಂಡ ಮೇಲೆ ಅವನಿಗೆ ಗುರುತು ಸಿಕ್ಕಿತು.

"ಏ, ಪ್ರೇಮಾ! ನೀನಾ? ನಾನು ನಿನಗೆ ಮೇಡಂ ಅಂದದ್ದಾ, ಥೂ!" ಅವನಿಗೆ ಎಲ್ಲಕ್ಕಿಂತ ಮೊದಲು ಸುಟ್ಟದ್ದು ಅದು. "ಇದೆಂತ ಮಾಡಿದ್ದು ನೀನು? ಯಾರು ಒರೆಸುದು ಇದನ್ನು? ಒರೆಸು! ಈಗ್ಲೇ ಒರೆಸು!" ಜೇಬಿನ ಟಿಶ್ಯೂ ತೆಗೆದು ಅವಳ ಮುಂದೆ ಎಸೆದ.

ಪ್ರೇಮಾವತಿ ತಲೆ ಎತ್ತಿದಳು. ಅವನು ಬಿಟ್ಟುಹೋಗಿದ್ದ ತುಳುವಿನಲ್ಲೇ, ಊರಿನಲ್ಲಿ ಅಕ್ಕಪಕ್ಕದವನಿಗೆ ಹೇಳುವಂತೆ ಹೇಳಿದಳು.

"ಕಾಲು ತೆಗಿ. ನನ್ನ ತಮ್ಮ ಕುಡಿಯುತ್ತಿದ್ದಾನೆ."

ವಾಲಿದ ನೆಲದ ಮೇಲೆ ನೀರು ಆತುರವಿಲ್ಲದೆ ಹರಿಯಿತು. ಟಿಶ್ಯೂವನ್ನು ತೇಲಿಸಿಕೊಂಡು, ಸೀಟುಗಳ ಅಡಿಯಲ್ಲಿ ಹಾದು, ಬಾಗಿಲ ಸಂದಿಯ ಕಡೆಗೆ. ಅದು ಬರುವುದನ್ನು ನೋಡಿ ಫ್ಯಾಮಿಲಿಗಳು ಒಂದೊಂದಾಗಿ ಕಾಲು ಮೇಲೆತ್ತಿಕೊಂಡವು. ಮುಂದಿನಿಂದ ಡ್ರೈವರು ಏನೋ ಕೂಗುತ್ತಿದ್ದ, ಕೃತಿಕನ ವಾಕಿಟಾಕಿ ಬಡಬಡಿಸುತ್ತಿತ್ತು.

ಅಣ್ಣು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ನೀರು ಅವನ ಚಪ್ಪಲಿಯ ಅಡಿಯಿಂದ ಹಳಿಗೆ ಇಳಿಯುತ್ತಿತ್ತು. ಅವನು ರೈಟ್ ಹೇಳಲಿಲ್ಲ.