ಕೆನ್ನೆಯ ಅಳತೆ

"ಥೂ ದರಿದ್ರದವಳೆ! ಧಣಿಗಳ ಮುಖ ಮಾಡು ಅಂದ್ರೆ ಕುಂಬಳಕಾಯಿ ಮಾಡಿ ಕೂತಿದೀಯಲ್ಲೇ! ಎಲ್ಲೇ ಇದರ ಮೂಗು?"

"ಇಟ್ಟಿದ್ದೆ ಸ್ವಾಮಿ. ದೊಡ್ಡದಾಯ್ತು ಅಂತ ನೀವೇ ಬೆಳಿಗ್ಗೆ ಕಿತ್ತು ಹಾಕಿದ್ರಿ," ಎಂದಳು ಸುಣ್ಣದಕ್ಕ.

ಮೇಜಿನ ಸುತ್ತ ನಗು ಕಿಸಕ್ಕೆಂದಿತು. ವಾರ್ಡನ್ನು ಯಾರು ನಕ್ಕಿದ್ದೆಂದು ನೋಡುವಷ್ಟರಲ್ಲಿ ಎಲ್ಲರೂ ಮಣ್ಣಿನೊಳಗೆ ಬೆರಳು ಹೂತು ಭಕ್ತಿಯಿಂದ ಕೂತಿದ್ದರು.

ಕುರುಡರ ನಿಲಯದ ಊಟದ ಕೋಣೆಯಲ್ಲಿ ಸ್ಪರ್ಶಕಲಾ ಶಿಬಿರ ನಡೆಯುತ್ತಿತ್ತು. ಉದ್ದ ಮೇಜುಗಳಿಗೆ ಹಳೆಯ ಪೇಪರು ಹಾಸಿ, ಒಬ್ಬೊಬ್ಬರ ಮುಂದೂ ಒಂದೊಂದು ಉಂಡೆ ಜೇಡಿಮಣ್ಣು ಇಟ್ಟಿದ್ದರು. ಶಿಬಿರವಿಲ್ಲದ ದಿನ ಅವರು ಅದೇ ಮೇಜುಗಳ ಪಕ್ಕ ಕೂತು ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದರು. ಬೆತ್ತ ಹೆಣೆಯುವಾಗ ಅವರು ಅನ್ನಕ್ಕೆ ದಂಡ; ಮಣ್ಣು ಮುಟ್ಟಿದ ಮೇಲೆ ಕಲಾವಿದರು. ಅನ್ನ ಮಾತ್ರ ಅಷ್ಟೇ ಇತ್ತು.

ಕಲಿಸಲು ಬಂದ ಮೇಡಂ ಒಳ್ಳೆಯ ಹೆಂಗಸು. ಆಕೆಯದು ಒಂದೇ ಕಟ್ಟುಪಾಡು. ಯಾರು ಏನೇ ಮಾಡಲಿ, ಅದು ಕೋಣೆಯಲ್ಲಿರುವ ಪ್ರತಿಯೊಬ್ಬರ ಕೈಗೂ ಹೋಗಿ ಬರಬೇಕು. ಅದರ ಹಿಂದೆಯೇ ಅಸಲಿಯೂ ಹೋಗಬೇಕು. ಮಣ್ಣಿನ ಲೋಟದ ಹಿಂದೆ ಲೋಟ, ಮಣ್ಣಿನ ಬದನೆಕಾಯಿಯ ಹಿಂದೆ ಬದನೆಕಾಯಿ. ಎರಡನ್ನೂ ತಡವಿ ಕೊನೆಯವರು "ಹೌದು" ಅನ್ನುವ ತನಕ ಕೆಲಸ ಮುಗಿದಂತಲ್ಲ.

ನಿಲಯ ನಡೆಸುವ ಟ್ರಸ್ಟಿನ ಅಧ್ಯಕ್ಷರು ಸುಣ್ಣದ ಗೂಡುಗಳ ಧಣಿ. ಅವರ ಮುಖ ಮಾಡಿಸಿ ವಾರ್ಷಿಕ ಸಭೆಯಲ್ಲಿ ಇಡುವುದು ವಾರ್ಡನ್ನನ ಯೋಚನೆ. ಧಣಿ ಒಂದು ಗಳಿಗೆ ಬಂದು ಕೂತರೆ ಇವರು ಮುಖ ಮುಟ್ಟಿ ನೋಡುತ್ತಾರೆ ಎಂದು ಮೇಡಂ ಹೇಳಿಕಳಿಸಿದಳು. ಈ ಕೈಗಳನ್ನು ತಮ್ಮ ಮುಖದ ಮೇಲೆ ಅವರು ಊಹಿಸಿಕೊಂಡಿರಬೇಕು. ತಾವು ಬರುವ ಬದಲು ಗಾಜು ಹಾಕಿಸಿದ ಫೋಟೋ ಕಳಿಸಿದರು.

ಕಟ್ಟುಪಾಡಿನಂತೆ ಫೋಟೋ ಎಲ್ಲರ ಕೈಗೂ ಹೋಯಿತು.

"ನುಣ್ಣಗಿದಾರೆ," ಎಂದ ಒಬ್ಬ.

"ತಣ್ಣಗೂ ಇದಾರೆ," ಎಂದಳು ಇನ್ನೊಬ್ಬಳು.

ಮಸುಕಾಗಿಯಾದರೂ ಕಾಣುತ್ತಿದ್ದುದು ದರ್ಜಿ ಅಜ್ಜನೊಬ್ಬನಿಗೆ ಮಾತ್ರ. ಅವನು ಫೋಟೋವನ್ನು ಮೂಗಿಗೆ ತಾಗಿಸಿಕೊಂಡು ಸುಣ್ಣದಕ್ಕನಿಗೆ ವರದಿ ಒಪ್ಪಿಸಿದ: "ಮೂಗಿದೆ ತಾಯಿ, ಒಂದೇ. ಅದರ ಕೆಳಗೆ ಕಪ್ಪಗೆ ಏನೋ ಇದೆ. ಮೀಸೆನೋ, ನೊಣ ಕೂತಿದೆಯೋ, ದೇವರೇ ಬಲ್ಲ."

ಸುಣ್ಣದಕ್ಕ ನಗಲಿಲ್ಲ. ಈ ಮುಖ ಚೆನ್ನಾಗಿ ಬರಲೇಬೇಕಿತ್ತು. ಅವಳ ಮಗಳು ನಿಲಯದಲ್ಲಿ ಕದ್ದುಮುಚ್ಚಿ ಇದ್ದಳು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುತ್ತಿದ್ದ ಹುಡುಗಿ. ತಾಯಿಯ ಹಾಸಿಗೆಯಲ್ಲೇ ಮಲಗಿ, ತಾಯಿಯ ತಟ್ಟೆಯಲ್ಲೇ ಉಂಡು ಬೆಳೆಯುತ್ತಿದ್ದಳು. ಅವಳಲ್ಲಿ ಒಂದೇ ದೋಷ. ಕಣ್ಣು ಕಾಣುತ್ತಿತ್ತು. ಕಣ್ಣಿದ್ದವರಿಗೆ ನಿಲಯದಲ್ಲಿ ಜಾಗವಿಲ್ಲ ಎಂಬುದು ನಿಯಮ.

"ಸಭೆ ದಿನ ಧಣಿಗಳಿಗೆ ಖುಷಿಯಾದ್ರೆ ನಿನ್ನ ಮಗಳ ವಿಷಯ ಕಿವಿಗೆ ಹಾಕ್ತೀನಿ. ಹ್ಞೂಂ ಅಂದ್ರೆ ಇರ್ತಾಳೆ. ಇಲ್ಲ ಅಂದ್ರೆ ಮಾರನೇ ದಿನ ಅವಳ ದೊಡ್ಡಪ್ಪನ ಹತ್ರ ಅಟ್ಟು," ಎಂದಿದ್ದ ವಾರ್ಡನ್ನು.

ದೊಡ್ಡಪ್ಪ ಇದ್ದದ್ದು ಸುಣ್ಣದ ಗೂಡಿನ ಕೂಲಿಗಳ ಗುಡಿಸಲು ಸಾಲಿನಲ್ಲಿ. ಅಲ್ಲಿಗೆ ಹೋದ ಹುಡುಗಿ ಸುಣ್ಣದ ಬುಟ್ಟಿ ಹೊರುತ್ತಾಳೆ. ಹೊತ್ತರೆ, ತಾಯಿಯ ಹಾಗೇ ಒಂದು ದಿನ ನಿಯಮಕ್ಕೆ ಸರಿಯಾಗಿ ನಿಲಯಕ್ಕೆ ಬಂದು ಸೇರಬಹುದು.

ಮೇಡಂ ಕುಂಬಳಕಾಯಿಯನ್ನು ಹಿಚುಕಿ ಮತ್ತೆ ಉಂಡೆ ಮಾಡಿಕೊಟ್ಟಳು. "ಮುಖ ಬೇಡಮ್ಮ. ಆ ಮನುಷ್ಯನ ಬಗ್ಗೆ ನಿಮ್ಮ ಮೈಗೆ ಏನು ನೆನಪಿದೆಯೋ ಅದನ್ನ ಮಾಡಿ."

ಮೈಗೆ ನೆನಪಿದ್ದದ್ದು ಒಂದೇ. ಮಗಳು ಹೊಟ್ಟೆಯಲ್ಲಿದ್ದಾಗ, ಗೂಡಿನಿಂದ ತೆಗೆದ ಸುಟ್ಟ ಸುಣ್ಣಕ್ಕೆ ನೀರು ಬಿಡುತ್ತಿದ್ದಳು. ಸುಣ್ಣ ಭುಗ್ಗೆಂದು ಕುದ್ದು ಕಣ್ಣಿಗೆ ಎಗರಿತು. ಅಯ್ಯಯ್ಯೋ ಎಂದು ಚೀರುತ್ತ, ಎರಡೂ ಕೈ ಮುಂದೆ ಚಾಚಿಕೊಂಡು ನೀರಿನ ತೊಟ್ಟಿಯ ಕಡೆ ಓಡಿದಳು. ಕೈಗೆ ತೊಟ್ಟಿಯ ಬದಲು ಯಾರದೋ ಇಸ್ತ್ರಿ ಮಾಡಿದ ಅಂಗಿ ಸಿಕ್ಕಿತು. ಹಿಡಿದುಕೊಂಡಳು. "ಬಿಡೇ ಮುಂಡೆ, ಬಟ್ಟೆಯೆಲ್ಲಾ ಸುಣ್ಣ!" ಎಂಬ ಧಣಿಯ ಮಾತೂ ಏಟೂ ಒಟ್ಟಿಗೇ ಬಿದ್ದವು. ಎಡಗೆನ್ನೆಯ ಮೇಲೆ ನಾಲ್ಕು ಬೆರಳು, ಕಿವಿಯ ಬುಡಕ್ಕೆ ಉಂಗುರ. ತೊಟ್ಟಿ ಸಿಗುವಷ್ಟರಲ್ಲಿ ತಡವಾಗಿತ್ತು.

ಅವಳು ಮಣ್ಣನ್ನು ಎಡಗೆನ್ನೆಗೆ ಒತ್ತಿಕೊಂಡಳು. ತಣ್ಣಗಿತ್ತು. ಮೇಜಿನ ಕೆಳಗೆ ಕೂತು ಮಣ್ಣು ನಾದುತ್ತಿದ್ದ ಮಗಳು ಕೇಳಿದಳು: "ಅವ್ವ, ಯಾಕೆ ಮುಖಕ್ಕೆ ಬಳ್ಕೋತಿದೀಯ?"

"ಅಳತೆ ನೋಡ್ತಿದೀನಿ ಕಂದ."

ಬೆರಳುಗಳು ಒಂದೊಂದಾಗಿ ಬಂದವು. ಉಂಗುರ ಕೊನೆಗೆ ಬಂತು. ಮಣ್ಣಿನ ಕೈ ಮೇಜಿನ ಸುತ್ತ ಹೋಯಿತು. ಅಸಲಿ ಇರಲಿಲ್ಲವಾದ್ದರಿಂದ ಯಾರೂ "ಹೌದು" ಅನ್ನಲಿಲ್ಲ. ತನ್ನ ಸರದಿ ಬಂದಾಗ ದರ್ಜಿ ಅಜ್ಜ ಅಂಗೈಯ ಬಾಗನ್ನು ಬೆರಳಲ್ಲಿ ಸವರಿದ. "ಇದು ಗಾಳಿಗೆ ಎತ್ತಿದ ಕೈ ಅಲ್ಲ ತಾಯಿ," ಎಂದ ಮೆಲ್ಲಗೆ. "ಎಲ್ಲೋ ಬಿದ್ದಿರೋ ಕೈ."

"ಬಾಯಿ ಮುಚ್ಚಜ್ಜ. ನನ್ನ ಕೂಸು ಇಲ್ಲಿರಬೇಕು."

ವಾರ್ಡನ್ನು ಬಂದು ನೋಡಿ ಹಿಗ್ಗಿದ. "ಅಬ್ಬಾ, ಉಂಗುರಾನೂ ಬಿಟ್ಟಿಲ್ವಲ್ಲೇ! ಧಣಿಗಳ ಕೈ ನಿನಗೆಲ್ಲಿ ಸಿಕ್ಕಿತ್ತೇ?"

"ಒಂದ್ಸಲ ಸಿಕ್ಕಿತ್ತು ಸ್ವಾಮಿ."

"ಪುಣ್ಯವಂತೆ ಕಣೇ ನೀನು."

ಅದರ ಬುಡಕ್ಕೆ 'ಆಸರೆಯ ಹಸ್ತ' ಎಂದು ಚೀಟಿ ಅಂಟಿಸಿ, ಕೆಂಪು ಬಟ್ಟೆಯ ಮೇಲೆ ಇಟ್ಟರು.

ಸಭೆಯ ದಿನ ಊಟದ ಕೋಣೆಯಲ್ಲೇ ವೇದಿಕೆ ಕಟ್ಟಿ, ಎಲ್ಲರಿಗೂ ಹೊಸ ಕಪ್ಪು ಕನ್ನಡಕ ಕೊಟ್ಟರು. ಫೋಟೋದಲ್ಲಿ ಕುರುಡರು ಕುರುಡರಂತೆ ಕಾಣಬೇಕಲ್ಲ. ದರ್ಜಿ ಅಜ್ಜನಿಗೆ ಅಷ್ಟಿಷ್ಟು ಕಾಣುತ್ತಿದ್ದುದೂ ಹೋಯಿತು. ಅವನು ಅದನ್ನು ಹಣೆಗೇರಿಸಿಕೊಂಡು ಕೂತ.

ಸುಣ್ಣದಕ್ಕನನ್ನು ವೇದಿಕೆಗೆ ಹತ್ತಿಸಿದರು. ಧಣಿ ಮಣ್ಣಿನ ಕೈ ನೋಡಿ ಕರಗಿಹೋದರು. ಮೈಕಿನ ಮುಂದೆ ಬಂದು ನಿಂತರು. "ಈ ತಾಯಿ ನಮ್ಮ ಗೂಡಲ್ಲೇ ದುಡೀತಿದ್ದವರಂತೆ. ಪಾಪ, ಅವರ ಅಜಾಗ್ರತೆ, ಕಣ್ಣು ಹೋಯ್ತು. ಆವತ್ತು ಆಸರೆ ಅಂತ ಈ ಕೈ ಚಾಚಿದೋನು ನಾನೇ. ಅವರು ಮರೆತಿಲ್ಲ ನೋಡಿ!"

ಚಪ್ಪಾಳೆ ಬಿತ್ತು. ವಾರ್ಡನ್ನು ಸುಣ್ಣದಕ್ಕನ ಕಿವಿಯಲ್ಲಿ ಉಸುರಿದ: "ಮಗಳದ್ದು ಆದ ಹಾಗೇ ಕಣೆ. ಕೈ ಮುಗಿದು ಇಳಿದುಬಿಡು."

ಅವಳು ಕೈ ಮುಗಿದಳು. ಇಳಿಯಲು ಒಂದು ಹೆಜ್ಜೆ ಇಟ್ಟಳು ಕೂಡ. ಆಮೇಲೆ ನಿಂತಳು.

"ಧಣಿ, ಮೇಡಮ್ಮೋರ ಕಟ್ಟುಪಾಡು ಒಂದಿದೆ. ಅಸಲಿಗೆ ಹೋಲಿಸದೆ ಕೆಲಸ ಮುಗಿಯಲ್ಲ. ಒಂದು ಸಲ ಕೈ ಕೊಡ್ತೀರಾ?"

ಕ್ಯಾಮೆರಾಗಳು ಹತ್ತಿರ ಬಂದವು. ಧಣಿ ನಗುತ್ತಲೇ ಕೈ ಚಾಚಿದರು. ಸುಣ್ಣದಕ್ಕ ಎರಡೂ ಕೈಯಲ್ಲಿ ಅದನ್ನು ಹಿಡಿದಳು, ಬೆರಳು ಬಿಡಿಸಿದಳು, ಉಂಗುರವನ್ನು ತಡವಿದಳು. ಆಮೇಲೆ ಎತ್ತಿ ತನ್ನ ಎಡಗೆನ್ನೆಗೆ ಇಟ್ಟುಕೊಂಡಳು.

"ಹ್ಞೂಂ. ಇಲ್ಲೇ. ಹಿಂಗೇ ಬಿದ್ದಿತ್ತು, ಇನ್ನೂ ಜೋರಾಗಿ. ಕಣ್ಣಲ್ಲಿ ಸುಣ್ಣ ಕುದೀತಿತ್ತು, ನೀರಿಗೆ ಓಡ್ತಿದ್ದೆ. ನಿಮ್ಮ ಅಂಗಿ ಕೊಳೆ ಆಯ್ತು ಅಂತ ಹೊಡೆದ್ರಲ್ಲ ಧಣಿ, ಆ ಕೈ ಇದು. ನಾನು ಸುಳ್ಳು ಕೈ ಮಾಡಿಲ್ಲ."

ಧಣಿ ಕೈ ಎಳೆದುಕೊಳ್ಳಲು ನೋಡಿದರು. ಬೆತ್ತ ಬಗ್ಗಿಸಿದ ಹಿಡಿತ ಅದು. ಬಿಡಲಿಲ್ಲ.

"ಏನಾಯ್ತು? ಯಾಕೆ ಎಲ್ಲಾ ಸುಮ್ಮನಾದ್ರು?" ಎಂದು ಕೆಳಗೆ ಯಾರೋ ಕೇಳಿದರು.

ದರ್ಜಿ ಅಜ್ಜ ಎದ್ದು ನಿಂತು ಕೂಗಿದ: "ಅಸಲಿ ಬಂದಿದೆ ಕಣ್ರಪ್ಪೋ! ನಮ್ಮಕ್ಕ ಹಿಡ್ಕೊಂಡಿದಾಳೆ!"

ಕುರ್ಚಿಗಳು ಸರಿದವು. ಊಟಕ್ಕೆ ಹೋಗುವಾಗಿನಂತೆ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಇಟ್ಟು ಸಾಲಾದರು. "ಕೂತ್ಕೊಳ್ರೋ ಬೋಳಿಮಕ್ಕಳಾ!" ಎಂದು ವಾರ್ಡನ್ನು ಮೈಕಿನಲ್ಲೇ ಅರಚಿದ. ಆ ಕೋಣೆಯಲ್ಲಿ ಆ ದನಿಗೆ ಎಲ್ಲರ ಕಿವಿಯೂ ಪಳಗಿತ್ತು; ಯಾರೂ ಕೂರಲಿಲ್ಲ.

ಸಾಲಿಗೆ ದಾರಿ ತೋರುವವರು ಬೇಕಿತ್ತು. ಗೋಡೆಯ ಪಕ್ಕದಿಂದ ಪುಟ್ಟ ಹೆಜ್ಜೆಯ ಸದ್ದು ಓಡಿ ಬರುವುದು ಸುಣ್ಣದಕ್ಕನಿಗೆ ಕೇಳಿಸಿತು.

"ಅವ್ವ, ನಾಳೆ ನಾನು ಹೋಗ್ಬೇಕಲ್ವಾ?"

ಸುಣ್ಣದಕ್ಕ ಧಣಿಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಹಂಗಾದ್ರೆ ಇವತ್ತು ಮುಂದೆ ನಾನೇ ನಿಲ್ತೀನಿ," ಎಂದಿತು ಮಗು, ಮೊದಲನೆಯವನ ಕೈ ತೆಗೆದು ತನ್ನ ಹೆಗಲ ಮೇಲೆ ಇಟ್ಟುಕೊಂಡು.

ಸಾಲು ವೇದಿಕೆಯ ಮೆಟ್ಟಿಲು ಹತ್ತತೊಡಗಿತು. ಸುಣ್ಣದಕ್ಕನ ಕೆನ್ನೆಯ ಮೇಲೆ ಧಣಿಯ ಅಂಗೈ ಬೆವರುತ್ತಿತ್ತು.