ಅಂಗಳದ ಎರಡು ಈಡು

ಶಾಮಿಯಾನದವರ ಟೆಂಪೊ ಕೊನೆಯ ಕುರ್ಚಿಗಳನ್ನು ಹೇರಿಕೊಂಡು ಇಳಿಜಾರಿನಲ್ಲಿ ಮರೆಯಾಗುವವರೆಗೂ ಸೌಜನ್ಯ ಜಗಲಿಯಲ್ಲೇ ಕೂತಿದ್ದಳು. ಸದ್ದು ಪೂರ್ತಿ ಅಡಗಿದ ಮೇಲೆ ಮಡಿಲಲ್ಲಿದ್ದ ಗಂಡ ಮಿಲನ್‌ನ ಫೋನನ್ನು ಕೈಗೆ ತೆಗೆದುಕೊಂಡಳು. ತಿಥಿಯ ಊಟ ಮುಗಿದು ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಅಡುಗೆಮನೆಯಿಂದ ಬೆಲ್ಲದ ಕಾಫಿಯ ವಾಸನೆ ಬರುತ್ತಿತ್ತು. ಗಂಡ ಹೋದ ಮೇಲೆ ಯಾರೂ ಬಂದು ಸಮಾಧಾನ ಹೇಳದ ಮೊದಲ ಬೆಳಗು ಅದು.

ಅವಳು ಇಲ್ಲಿಯತನಕ ಅತ್ತಿರಲಿಲ್ಲ. "ಕಲ್ಲಾಗಿ ಹೋಗಿದೆ ಪಾಪ" ಎಂದು ಹೆಂಗಸರು ಬೆನ್ನ ಹಿಂದೆ ಪಿಸುಗುಟ್ಟಿದ್ದು ಅವಳ ಕಿವಿಗೆ ಬಿದ್ದಿತ್ತು. ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ಕರೆಂಟಿನ ತಂತಿಗೆ ತಾಗಿತು ಎಂದು ಯಾರೋ ಓಡಿಬಂದು ಹೇಳಿದ ಗಳಿಗೆಯಿಂದ ಅವಳ ಒಳಗೆ ಎಲ್ಲವೂ ಮರಗಟ್ಟಿತ್ತು. ಮನೆ ಖಾಲಿಯಾಗಲಿ, ಒಂದು ಸಲ ಅವನ ದನಿ ಕೇಳುತ್ತೇನೆ ಎಂಬ ಆಸೆಯೊಂದನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಮಿಲನ್ ತೋಟದ ಕೆಲಸದ ನಡುವೆ ಬಿಡುವು ಮಾಡಿಕೊಂಡು, ಮನೆಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಸಾಮಾನುಗಳನ್ನು ಇಳಿಸಿ, ಅವುಗಳ ಕತೆಯನ್ನು ಮನೆಮಾತಾದ ಅರೆಭಾಷೆಯಲ್ಲಿ ಹೇಳಿ ವಿಡಿಯೊ ಹಾಕುತ್ತಿದ್ದ. "ಇದ್ ಏನ್ ಗೊತ್ತುಟ್ಟಾ ನಿಮ್ಗೆ?" ಎಂದೇ ಪ್ರತಿಯೊಂದೂ ಶುರುವಾಗುತ್ತಿತ್ತು. ಫೋನಿನಲ್ಲಿ ಜಾಗ ಸಾಲದೆ, ಹಾಕಿದ ಕೂಡಲೇ ಅದರಿಂದ ಅಳಿಸಿಬಿಡುತ್ತಿದ್ದ. ಅವನ ದನಿ ಇದ್ದದ್ದು ವಿಡಿಯೊ ಹಾಕುತ್ತಿದ್ದ ಆ ಖಾತೆಯಲ್ಲಿ ಮಾತ್ರ.

ಈಗ ಅದನ್ನು ತೆರೆದಾಗ ಪರದೆಯ ಮೇಲೆ ಮೂಡಿದ್ದು ಬೇರೆಯೇ. 'ನಿಮ್ಮ ಖಾತೆಯನ್ನು ನಿಷ್ಕ್ರಿಯಗೊಳಿಸಲಾಗಿದೆ. ಹಿಂಸೆ ಮತ್ತು ಆಯುಧಗಳ ಕುರಿತಾದ ನಮ್ಮ ನಿಯಮಗಳನ್ನು ನೀವು ಮೀರಿದ್ದೀರಿ.'

ಅವಳು ಅದನ್ನೇ ಮತ್ತೆ ಮತ್ತೆ ಓದಿದಳು. ಕಾಫಿಯ ಲೋಟ ಹಿಡಿದು ಹೊರಬಂದ ಮೈದುನ ಚೈತನ್ಯ ಅವಳ ಮುಖ ನೋಡಿ, "ಎಂತಾತ್ ಅತ್ತಿಗೆ?" ಎಂದ. ಅವಳು ಫೋನು ಅವನ ಕಡೆ ತಿರುಗಿಸಿದಳು. ಓದುತ್ತ ಓದುತ್ತ ಅವನು ಹೊಸ್ತಿಲ ಮೇಲೆ ಕೂತುಬಿಟ್ಟ.

"ಅಯ್ಯೊ. ಅದು ನಾನೇ ಹಾಕಿದ್ದು."

"ಏನು ಹಾಕಿದೆ?"

"ಅಪ್ಪ ಅಂಗಳದಲ್ಲಿ ಈಡು ಹೊಡೆದರಲ್ಲ, ಅದನ್ನ ಅಣ್ಣನ ಫೋನಲ್ಲೇ ಹಿಡಿದು ಅಣ್ಣನ ಖಾತೆಗೇ ಹಾಕಿಬಿಟ್ಟೆ. ಊರವರಿಗೇನೋ ಸದ್ದು ಕೇಳಿ ಗೊತ್ತಾಗ್ತದೆ. ಅವನ ವಿಡಿಯೊ ನೋಡೋರಿಗೆ, ದುಬೈಲಿ ಮಂಗಳೂರಲ್ಲಿ ಇರೋ ನಮ್ಮವರಿಗೆ ಯಾರು ಹೇಳೋದು? ಅವರಿಗೂ ಕೇಳಲಿ ಅಂತ..." ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

ಸೌಜನ್ಯ ಸುಂಟಿಕೊಪ್ಪದ ಅಂಗಡಿ ಶಿವಶಂಕರಪ್ಪನವರ ಮಗಳು. ಅವಳ ತೌರಿನ ಕಡೆ ಸಾವಿಗೆ ಕೋವಿ ಹಾರಿಸುವ ಪದ್ಧತಿಯಿಲ್ಲ. ಆ ದಿನ ಒಳಕೋಣೆಯಲ್ಲಿ ಕೂತಿದ್ದ ಅವಳು ಆ ಸದ್ದಿಗೆ ಬೆಚ್ಚಿಬಿದ್ದಿದ್ದಳು. ಪಕ್ಕದಲ್ಲಿದ್ದ ಯಾರೋ ಅವಳ ಮೊಣಕಾಲ ಮೇಲೆ ಕೈಯಿಟ್ಟು ಒತ್ತಿ ಹಿಡಿದಿದ್ದರು. ಅಷ್ಟು ಮಾತ್ರ ನೆನಪಿತ್ತು.

"ಏಳು," ಎಂದಳು ಮೈದುನನಿಗೆ. "ಅತ್ತರೆ ಬರೋದಿಲ್ಲ ಅದು. ಟ್ಯಾಂಕ್ ಹತ್ತಿರ ಹೋಗೋಣ, ಅಲ್ಲಿ ಸಿಗ್ನಲ್ ಚೆನ್ನಾಗಿದೆ."

ತೋಟದ ನೆತ್ತಿಯಲ್ಲಿದ್ದ ನೀರಿನ ಟ್ಯಾಂಕಿನ ಪಕ್ಕ ನಿಂತು ಅವರು ಮೇಲ್ಮನವಿಯ ಗುಂಡಿ ಒತ್ತಿದರು. ಮಿಲನ್‌ನ ನಂಬರಿಗೆ ಸಂಖ್ಯೆಯೊಂದು ಬಂತು. ಅದನ್ನು ಹಾಕಿದ ಮೇಲೆ, ಖಾತೆದಾರರು ಆ ಸಂಖ್ಯೆಯನ್ನೂ ತಮ್ಮ ಹೆಸರನ್ನೂ ಕಾಗದದಲ್ಲಿ ಬರೆದು, ಮುಖದ ಪಕ್ಕ ಹಿಡಿದು, ಫೋಟೊ ತೆಗೆದು ಕಳಿಸಬೇಕು ಎಂದಿತು.

ಚೈತನ್ಯ ತನ್ನ ಗಡ್ಡ ಸವರಿಕೊಂಡ. "ಅತ್ತಿಗೆ, ನಾನು ಹಿಡೀತೇನೆ. ಗಡ್ಡ ತೆಗೆದರೆ ನಾನೂ ಅಣ್ಣನೂ ಒಂದೇ ಥರ ಅಲ್ವಾ? ಮಡಿಕೇರಿ ಬ್ಯಾಂಕಿನವರೇ ಎಷ್ಟೋ ಸಲ ನನ್ನ ಮಿಲನ್ ಅಂತ ಕರೆದಿದ್ದಾರೆ. ಈ ಕಂಪೆನಿಯವರಿಗೆ ಎಂತ ಗೊತ್ತಾಗ್ತದೆ?"

ಅವಳು ಅವನ ಮುಖ ನೋಡಿದಳು. ಮೂಗು ಹಾಗೆಯೇ, ಹಣೆಯೂ ಹಾಗೆಯೇ. ಬೇಗ ನೋಟ ಬೇರೆಡೆ ತಿರುಗಿಸಿದಳು.

"ಅವರು ತೀರಿಹೋಗಿದ್ದಾರೆ ಅಂತಲೇ ಬರೆದರೆ?"

"ಅದಕ್ಕೆ ಬೇರೆ ದಾರಿ ಉಂಟು. ಪಂಚಾಯ್ತಿ ಸರ್ಟಿಫಿಕೇಟ್ ಹಾಕಬೇಕು. ಅವರು ಒಪ್ಪಿದರೆ ವಿಡಿಯೊ ಎಲ್ಲ ಹೊರಗಿಂದ ಕಾಣ್ತದೆ. ಆದರೆ ಖಾತೆಯ ಒಳಗೆ ಹೋಗ್ಲಿಕ್ಕೆ ಮತ್ತೆ ಯಾರಿಗೂ ಆಗೋದಿಲ್ಲ. ಪಾಸ್‌ವರ್ಡ್ ಇದ್ದರೂ ಅಷ್ಟೇ. ಬಾಗಿಲು ಹಾಕಿ ಬೀಗ ಜಡಿದ ಹಾಗೆ." ಅವನು ತಲೆ ತಗ್ಗಿಸಿ ಸೇರಿಸಿದ: "ನಿಮ್ಮಿಬ್ಬರ ಮೆಸೇಜೆಲ್ಲ ಒಳಗೆ ಇರ್ತದಲ್ಲ, ಅದಕ್ಕೆ ಹೇಳಿದ್ದು."

ಇತ್ತು. ಮೈಸೂರಿನಲ್ಲಿ ಎಂ.ಎ. ಓದುವಾಗಿನಿಂದ ಮದುವೆಯ ಹಿಂದಿನ ದಿನದವರೆಗೆ ಆಡಿದ್ದೆಲ್ಲ ಅದರಲ್ಲೇ ಇತ್ತು. ಅಪ್ಪ ಒಪ್ಪದೆ ಊಟ ಬಿಟ್ಟಿದ್ದು, 'ನಿನ್ನ ಅಪ್ಪನ ಅಂಗಡಿಗೇ ಬಂದು ಒಂದು ಕೆ.ಜಿ. ಸಕ್ಕರೆ ಕೇಳಿ ಮಾತು ಶುರುಮಾಡಲಾ?' ಎಂದು ಅವನು ಕೇಳಿದ್ದು, ಜಗಳ, ರಾಜಿ. ಅವಳು ತನ್ನ ಹಳೆಯ ಖಾತೆಯನ್ನು ಮದುವೆಯ ಆ ಗಲಾಟೆಯಲ್ಲಿ ಅಳಿಸಿಹಾಕಿದ್ದಳು. ಉಳಿದದ್ದು ಅವನ ಕಡೆಯದು ಮಾತ್ರ.

ಕೆಳಗೆ ಮನೆಯ ಹೆಂಚು ಕಾಣುತ್ತಿತ್ತು. ಅಂಗಳದಲ್ಲಿ ಮಾವ ಟಾರ್ಪಾಲಿನ ಮೇಲೆ ಮೆಣಸು ಹರವುತ್ತಿದ್ದರು. ಅದು ಆ ದಿನ ಮಿಲನ್ ಕೊಯ್ದಿದ್ದ ಮೆಣಸು.

"ಬೇಡ ಚೈತನ್ಯ," ಎಂದಳು ಸೌಜನ್ಯ. "ಊರಿಗೆಲ್ಲ ಈಡು ಹೊಡೆದು ಹೇಳಿದ್ದನ್ನ ಈ ಕಂಪೆನಿಯವರ ಹತ್ತಿರ ಮಾತ್ರ ಸುಳ್ಳು ಅಂತ ಹೇಳಲಾ? ಅವರು ಇನ್ನೂ ಇದ್ದಾರೆ ಅಂತ ನನ್ನ ಕೈಯಲ್ಲಿ ಬರೆಯೋಕಾಗಲ್ಲ."

ಇಳಿದುಬಂದವಳು ನೇರ ಅಂಗಳಕ್ಕೆ ಹೋದಳು. ಮಾವ ಮೊಣ್ಣಪ್ಪ ಸೊಸೆಯೊಡನೆ ಹೆಚ್ಚು ಮಾತಾಡಿದವರಲ್ಲ. ಮದುವೆಯಾದ ಹೊಸದರಲ್ಲಿ ಅವಳಿಗೆ ಅರ್ಥವಾಗಲಿ ಎಂದು ಕನ್ನಡದಲ್ಲಿ ಶುರುಮಾಡಿ ಅರ್ಧಕ್ಕೆ ಅರೆಭಾಷೆಗೆ ಜಾರುತ್ತಿದ್ದರು. ಈಗಲೂ ಹಾಗೆಯೇ.

"ಮಾವ, ಒಂದು ಕೇಳಬೇಕಿತ್ತು. ಎರಡೇ ಈಡು ಯಾಕೆ?"

ಅವರು ಕೈಯಲ್ಲಿದ್ದ ಮೆಣಸನ್ನು ಕೆಳಗೆ ಬಿಟ್ಟರು. "ಯಾಕೆ, ಪೊಲೀಸಿನವರು ಏನಾದ್ರೂ ಕೇಳ್ದೊವಾ?"

"ಪೊಲೀಸರಲ್ಲ. ಅವರ ವಿಡಿಯೊಗಳನ್ನ ಇಟ್ಟುಕೊಂಡಿರೋ ಕಂಪೆನಿಯವರು. ಅದು ಹಿಂಸೆ ಅಂತಾರೆ. ಅಲ್ಲ ಅಂತ ನಾನು ಬರೆದು ತಿಳಿಸಬೇಕು."

"ಹಿಂಸೆಯಾ!" ಮುದುಕರ ಕತ್ತಿನ ನರ ಉಬ್ಬಿತು. "ಯಾವ ಊರವ ಅವ? ಬರಕ್ಕೆ ಹೇಳ್ ಇಲ್ಲಿಗೆ." ಆಮೇಲೆ ತಾವೇ ತಣ್ಣಗಾಗಿ ಜಗಲಿಯ ಮೆಟ್ಟಿಲ ಮೇಲೆ ಕೂತರು. "ನೋಡ್ ಗೂಡೆ, ಮಗಳೇ. ಒಂದೇ ಈಡು ಕೇಳಿದರೆ ಹಂದಿಗೆ ಹೊಡೆದರು, ಇಲ್ಲವಾ ಯಾರದೋ ಮನೆಯಲ್ಲಿ ಗಂಡುಮಗು ಹುಟ್ಟಿತು ಅಂತ ಜನ ತಮ್ಮ ಪಾಡಿಗೆ ಇರ್ತಾರೆ. ಒಂದರ ಬೆನ್ನಿಗೆ ಇನ್ನೊಂದು ಕೇಳಿದರೆ ಕೈಲಿದ್ದ ಕತ್ತಿ ಅಲ್ಲೇ ಬಿಟ್ಟು ಓಡಿಬರ್ತಾರೆ. ಯಾರು ಹೋದದ್ದು ಅಂತ ಕೇಳೋದು ಬಂದ ಮೇಲೆ. ದ್ವೇಷ ಇದ್ದವನೂ ಬರೊಕು. ಕೇಳಲಿಲ್ಲ ಅನ್ನಂಗಿಲ್ಲೆ."

ಅವರು ಅಂಗೈಗೆ ಅಂಟಿದ ಮೆಣಸಿನ ಸಿಪ್ಪೆಯನ್ನು ನಿಧಾನವಾಗಿ ಉಜ್ಜಿ ತೆಗೆದರು. "ಇವ ಹುಟ್ಟಿದಾಗಲೂ ನಾನೇ ಹೊಡ್ದದ್. ಇದೇ ಅಂಗಳದಲ್ಲಿ, ಇದೇ ಕೋವಿಲಿ. ಒಂದ್."

ಸೌಜನ್ಯ ಅವರ ಪಕ್ಕದ ಮೆಟ್ಟಿಲಲ್ಲಿ ಕೂತಳು. ಅವರು ಎದ್ದು ಹೋಗಲಿಲ್ಲ. ಅವಳೂ ಏಳಲಿಲ್ಲ.

ಮಧ್ಯಾಹ್ನ ಅವಳು ಬರೆದಳು. ಓದಿದ್ದ ಇಂಗ್ಲಿಷ್ ಎಲ್ಲ ಸೇರಿದರೂ ಮೊದಲ ವಾಕ್ಯ ಬರೆಯುವುದಕ್ಕೆ ಕೈ ಮುಂದೆ ಹೋಗಲಿಲ್ಲ. ಕೊನೆಗೆ ಬರೆದದ್ದು ಇಷ್ಟು: 'ಈ ಖಾತೆಯ ಒಡೆಯ ನನ್ನ ಗಂಡ. ಅವರು ತೀರಿಹೋಗಿದ್ದಾರೆ. ವಿಡಿಯೊದಲ್ಲಿ ಕೋವಿ ಹಾರಿಸುತ್ತಿರುವವರು ಅವರ ತಂದೆ. ನಮ್ಮ ಊರಿನಲ್ಲಿ ಸಾವಾದಾಗ ಆಕಾಶದ ಕಡೆ ಎರಡು ಈಡು ಹೊಡೆಯುತ್ತಾರೆ, ಕೇಳಿದವರು ಕೆಲಸ ಬಿಟ್ಟು ಬರಲಿ ಎಂದು. ಯಾರನ್ನೂ ಹೆದರಿಸಲಿಕ್ಕಲ್ಲ.'

'ನಮ್ಮ' ಎಂದು ಬರೆದದ್ದನ್ನು ಅವಳು ಗಮನಿಸಿದಳು. ಹಾಗೆಯೇ ಬಿಟ್ಟಳು.

ಟ್ಯಾಂಕಿನ ಹತ್ತಿರ ಹೋಗಿ ಕಳಿಸಿ, ಇಳಿಯುವ ಮೊದಲೇ ಉತ್ತರ ಬಂತು. ಪರಿಶೀಲಿಸಲಾಗಿದೆ, ನಿರ್ಧಾರದಲ್ಲಿ ಬದಲಾವಣೆಯಿಲ್ಲ. "ಓದಿಯೇ ಇಲ್ಲ ಅತ್ತಿಗೆ, ಮಿಷನ್ನು ಅದು," ಎಂದು ಚೈತನ್ಯ ಹಲ್ಲು ಕಡಿದ.

"ಮಿಷನ್ನಿಗೆ ಬೇಜಾರಾಗೋದಿಲ್ಲ," ಎಂದಳು ಅವಳು. "ನನಗೂ ಆಗಲ್ಲ."

ಪಂಚಾಯ್ತಿಯಿಂದ ಮರಣ ಪ್ರಮಾಣಪತ್ರ ತಂದು ಜೊತೆಗಿಟ್ಟು ಮತ್ತೆ ಕಳಿಸಿದಳು. ಮತ್ತೆ ಇಲ್ಲವೆಂದರು. ಮಾವನ ಮಾತನ್ನು ಇನ್ನಷ್ಟು ಬಿಡಿಸಿ ಬರೆದಳು. ಹಂದಿಯ ವಿಷಯವನ್ನೂ, ಹುಟ್ಟಿದಾಗಿನ ಒಂದು ಈಡನ್ನೂ ಸೇರಿಸಿದಳು. ಬೆಳಗಿನ ಕೆಲಸ ಮುಗಿಸಿ ಗುಡ್ಡ ಹತ್ತುವುದು ರೂಢಿಯಾಯಿತು. "ಬಿಸಿಲಿಗೆ ತಲೆ ಮೇಲೆ ಏನಾದರೂ ಹಾಕ್ಕೊಂಡು ಹೋಗು ಮಗ," ಎನ್ನುವುದು ಬಿಟ್ಟರೆ ಅತ್ತೆ ಬೇರೇನೂ ಹೇಳಲಿಲ್ಲ. ಮೆಣಸು ಒಣಗಿ ಚೀಲ ಸೇರಿತು. ಹೂಮಳೆ ಬಂದು ಹೋಯಿತು. ಇಳಿಜಾರಿನ ಕಾಫಿಯೆಲ್ಲ ಒಟ್ಟಿಗೆ ಬಿಳಿಯಾಗಿ ಅರಳಿ, ಕಂದುಬಣ್ಣಕ್ಕೆ ತಿರುಗಿತು.

ಆಮೇಲೆ ಒಂದು ದಿನ ಬಂದ ಉತ್ತರದ ಧಾಟಿ ಬೇರೆಯಿತ್ತು. ಮನುಷ್ಯರು ಬರೆದ ಹಾಗಿತ್ತು. 'ನಿಮ್ಮ ನಷ್ಟಕ್ಕೆ ವಿಷಾದಿಸುತ್ತೇವೆ. ಆ ವಿಡಿಯೊವನ್ನೂ ಮರಳಿ ಹಾಕಿದ್ದೇವೆ.' ಖಾತೆ ತೆರೆದಿತ್ತು. ಮಿಲನ್‌ನ ಹೆಸರಿನ ಪಕ್ಕ 'ಸ್ಮರಣೆಯಲ್ಲಿ' ಎಂಬ ಪದ ಸೇರಿತ್ತು. ಅವನ ಫೋನಿನಿಂದ ಒಳಗೆ ಹೋಗುವ ದಾರಿ ಮುಚ್ಚಿತ್ತು. ಅವಳು ಒಮ್ಮೆ ಪಾಸ್‌ವರ್ಡ್ ಹಾಕಿ ನೋಡಿದಳು. ಮತ್ತೆ ಹಾಕಲಿಲ್ಲ.

ತನ್ನ ಫೋನಿನಲ್ಲಿ, ಹೊರಗಿನವಳಂತೆ, ಈಡಿನ ವಿಡಿಯೊದ ಹಿಂದಿನದನ್ನು ತೆರೆದಳು. ಅವನು ಸಾಯುವ ವಾರ ಹಾಕಿದ್ದು. ಸುಂಟಿಕೊಪ್ಪದ ತೌರಿಗೆ ಹೋಗಿಬಂದ ಗಡಿಬಿಡಿಯಲ್ಲಿ ಅವಳು ಅದನ್ನು ನೋಡಿರಲಿಲ್ಲ.

"ಇದ್ ಏನ್ ಗೊತ್ತುಟ್ಟಾ ನಿಮ್ಗೆ?"

ಅವಳು ಟ್ಯಾಂಕಿನ ಕಟ್ಟೆಗೆ ಒರಗಿದಳು. ಅವನ ಕೈಯಲ್ಲಿ ಹಸುವಿನ ಕೊರಳಿಗೆ ಕಟ್ಟುವ ಮರದ ಗಂಟೆಯಿತ್ತು. ಅಲ್ಲಾಡಿಸಿದ. ಟೊಳ್ಳು ಮರದಿಂದ ಟಕ ಟಕ ಎಂದು ಸದ್ದು ಬಂತು. "ತೋಳ್ಪಾಡಿ ಹೊಳೆ ಆಚೆಯ ಬೊಳ್ಳಮ್ಮಜ್ಜಿನ ಹಸುನ ಕೊರಳ್‌ದ್ ಇದ್. ಎರಡ್ ದಿನಕ್ಕೆ ಹೇಳಿ ಕೇಳಿ ತಂದೊಳೆ. ತಿರ್ಗಿ ಕೊಡದಿದ್ದರೆ ಅಜ್ಜಿ ನನ್ನ ಕೊರಳಿಗೇ ಕಟ್ಟುದು!" ಎಂದು ನಕ್ಕ. ಆ ನಗುವಿಗೆ ಅವಳ ಬಾಯಿಂದಲೂ ನಗು ಹೊರಟು, ಅರ್ಧಕ್ಕೆ ಮುರಿದು ಅಳುವಾಯಿತು. ಸುತ್ತ ಯಾರೂ ಇರಲಿಲ್ಲ. ಸಾಕಾಗುವಷ್ಟು ಅತ್ತಳು.

ಹುಡುಕಿದಾಗ ಗಂಟೆ ಅವನ ಸ್ಕೂಟರಿನ ಸೀಟಿನ ಕೆಳಗಿತ್ತು. ಅವನು ಹೋದ ದಿನದಿಂದ ಯಾರೂ ಆ ಸೀಟನ್ನು ಎತ್ತಿರಲಿಲ್ಲ.

ಹೊಳೆಗೆ ಅಡ್ಡ ಹಾಕಿದ ಸಂಕ ದಾಟಿ ಹೋದಾಗ ಬೊಳ್ಳಮ್ಮ ಕೊಟ್ಟಿಗೆಯ ಮುಂದೆ ಹುಲ್ಲು ಕೊಚ್ಚುತ್ತಿದ್ದಳು. ಸೌಜನ್ಯ ಬೇಲಿಯ ಹೊರಗೇ ನಿಂತಳು. "ಎಂತ ಅಲ್ಲೇ ನಿಂತದ್? ಬಾ ಒಳಗೆ," ಎಂದು ಗದರಿ, ಅವಳ ಕೈಯಲ್ಲಿದ್ದುದನ್ನು ಕಂಡು ಅಜ್ಜಿ ಕತ್ತಿಯನ್ನು ಕೆಳಗಿಟ್ಟಳು.

"ಗಂಟೆ ಬೇಕು ಅಂತ ಒಂದು ಮಾತು ಕೇಳಬಾರದಿತ್ತಾ ಅಜ್ಜಿ?"

"ಸಾವಿನ ಮನೆಗೆ ಬಂದು ಗಂಟೆ ಕೊಡಿ ಅಂತ ಯಾವ ಬಾಯಲ್ಲಿ ಕೇಳೋದು? ಈ ಮುದ್ದಿ ಒಬ್ಬಳು, ದಿನಾ ತೋಟದೊಳಗೆ ನುಗ್ತಾಳೆ. ಸದ್ದಿಲ್ಲದೆ ಎಲ್ಲಿ ಅಂತ ಹುಡುಕೋದು? ಮೊನ್ನೆ ಕತ್ತಲಾಗುವ ತನಕ ಕೂಗಿ ಕೂಗಿ ಗಂಟಲು ಹೋತ್." ಮುದ್ದಿ ಎನ್ನುವ ಕೆಂದು ಹಸು ಆ ಮಾತು ತನಗಲ್ಲ ಎನ್ನುವಂತೆ ಮೇವು ಮೆಲ್ಲುತ್ತಿತ್ತು. "ನೀನೇ ಕಟ್ಟ್."

ಸೌಜನ್ಯ ಹಸುವಿನ ಹತ್ತಿರ ಹೋಗಿ ಅಭ್ಯಾಸವಿದ್ದವಳಲ್ಲ. ಬಿಸಿ ಉಸಿರು ಮೊಣಕೈಗೆ ತಾಗಿತು. ಹಗ್ಗವನ್ನು ಕೊರಳ ಸುತ್ತ ತಂದು ಬಿಗಿಯಾಗಿ ಗಂಟು ಹಾಕಿ, ಎಳೆದು ನೋಡಿದಳು. ಮುದ್ದಿ ಒಮ್ಮೆ ತಲೆ ಕೊಡವಿತು. ಆಮೇಲೆ ಬೇಲಿಯ ಸಂದಿಯಿಂದ ಕೆಳಗಿನ ತೋಟಕ್ಕೆ ಇಳಿಯಿತು. ಕಾಫಿ ಗಿಡಗಳ ಮರೆಯಲ್ಲಿ ಅದರ ಬೆನ್ನು ಕಾಣದಾಯಿತು. ಅಜ್ಜಿ ಮತ್ತೆ ಹುಲ್ಲು ಕೊಚ್ಚತೊಡಗಿದಳು. ಸೌಜನ್ಯ ಬೇಲಿಯ ಗೂಟ ಹಿಡಿದು ನಿಂತಳು. ಕೆಳಗಿನಿಂದ, ಒಮ್ಮೆ ಎಡಕ್ಕೆ, ಒಮ್ಮೆ ಇನ್ನೂ ಆಳದಲ್ಲಿ, ಟಕ ಟಕ ಕೇಳಿಬರುತ್ತಿತ್ತು.